ಬೆಲೆಯ ಪಕ್ಕ ಸಕ್ಕರೆಯ ಲೆಕ್ಕವೂ ಇರಲಿ

ಸಂಜೆಯಾದರೆ ಅಂಜನಾಪುರದ ಬೇಕರಿಗಳ ಮುಂದೆ ಜನವೋ ಜನ. ಬೈಟು ಕಾಫಿ, ಜೊತೆಗೊಂದು ಹನಿ ಕೇಕ್ ಇಲ್ಲವೇ ದಿಲ್‌ಪಸಂದ್. ಮಕ್ಕಳ ಕೈಯಲ್ಲಿ ಕೋಲಾ. ಗಾಜಿನ ಮೇಲೆ ಬೆಲೆ ಅಂಟಿಸಿರುತ್ತಾರೆ, ಸಕ್ಕರೆಯ ಲೆಕ್ಕ ಮಾತ್ರ ಎಲ್ಲೂ ಇಲ್ಲ.

ಆ ಲೆಕ್ಕವೇನೂ ಸಣ್ಣದಲ್ಲ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ, ಅಂದರೆ ಏಳೆಂಟು ಚಮಚ ಸಕ್ಕರೆ. ದೊಡ್ಡವರಿಗೇ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಹೊಟ್ಟೆಗಿಳಿದ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಗ್ಲೂಕೋಸ್ ರಕ್ತ ಸೇರಿದೊಡನೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ. ಫ್ರಕ್ಟೋಸ್ ಬಹುಪಾಲು ಯಕೃತ್ತಿಗೆ ಹೋಗುತ್ತದೆ. ಮಿತಿ ಮೀರಿದರೆ ಅಲ್ಲೇ ಕೊಬ್ಬಾಗಿ ಕೂರುತ್ತದೆ. ಮದ್ಯ ಮುಟ್ಟದವರ ಸ್ಕ್ಯಾನಿಂಗ್ ವರದಿಯಲ್ಲೂ ‘ಫ್ಯಾಟಿ ಲಿವರ್’ ಕಾಣಿಸಲು ಇದೂ ಒಂದು ಕಾರಣ. ಬರಬರುತ್ತಾ ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದನ್ನೇ ಬಿಡುತ್ತವೆ. ಮಧುಮೇಹದ ದಾರಿ ಅಲ್ಲಿಂದ ಸಲೀಸು. ಇತ್ತ ಬಾಯಿಯಲ್ಲಿ ಬ್ಯಾಕ್ಟೀರಿಯಾಗಳು ಅದೇ ಸಕ್ಕರೆಯನ್ನು ಆಮ್ಲ ಮಾಡಿ ಹಲ್ಲು ಕೊರೆಯುತ್ತಿರುತ್ತವೆ.

ಬೆಲ್ಲವಾದರೆ ಪರವಾಗಿಲ್ಲ ಎನ್ನುವವರಿದ್ದಾರೆ. ಅದರಲ್ಲೂ ಬಹುಪಾಲು ಸಕ್ಕರೆಯೇ.

ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್ ಬೆಂಬಲಿತ ಸಮೀಕ್ಷೆಯ 2023ರ ವರದಿ ಅಂದಾಜಿಸಿತು. ಮಕ್ಕಳಿಗೆ ಸಕ್ಕರೆಯ ಅಪಾಯ ತಿಳಿಸುವ ‘ಶುಗರ್ ಬೋರ್ಡ್’ ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಶಾಲೆ ಬಿಟ್ಟ ಮಕ್ಕಳು ನೇರ ಬರುವುದು ಬೇಕರಿಗೆ. ಪ್ಯಾಕೆಟ್ ತಿಂಡಿಯ ಮೇಲೆ ಸಕ್ಕರೆ ಎಷ್ಟೆಂದು ಅಚ್ಚಾಗಿರುತ್ತದೆ, ಬಿಡಿ ತಿಂಡಿಗೆ ಆ ಚೀಟಿಯೂ ಇಲ್ಲ. ಒಂದು ಪೀಸಿನಲ್ಲಿ ಎಷ್ಟು ಚಮಚ ಎಂದು ಬೆಲೆಯ ಪಕ್ಕದಲ್ಲೇ ಬರೆಯುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಅಂಜನಾಪುರದ ಬೇಕರಿಗಳು ತಾವಾಗಿಯೇ ಶುರು ಮಾಡಬಹುದು.