ವಂಡರ್‌ಲಾಗೆ ಹೊರಟ ಮನೆಮಂದಿಗೆ



ಕೂಟಗಲ್ ಹೋಬಳಿಯ ರೇಷ್ಮೆ ಕೃಷಿಕ ಮನೆತನದ ಹಿರಿಯ ತಾಯಿಯೊಬ್ಬರು ಈ ಅಂಕಣಕ್ಕೆ ಪ್ರಶ್ನೆಯೊಂದನ್ನು ಬರೆದು ಕಳುಹಿಸಿದ್ದಾರೆ. ಬಿಡದಿ ಸಮೀಪದ ವಂಡರ್‌ಲಾ ಉದ್ಯಾನಕ್ಕೆ ಹೋಗಲೇಬೇಕೆಂದು ಮೊಮ್ಮಕ್ಕಳು ಹಟ ಹಿಡಿದಿದ್ದಾರೆ. ಮಗ ಸೊಸೆಯರಿಗೂ ಮನಸ್ಸಿದೆ. ಆದರೆ ಆಟಕ್ಕಿಳಿಯುವ ಮುನ್ನ ಮೈಮೇಲಿನ ವಸ್ತುಗಳನ್ನು ತೆಗೆದು ಪೆಟ್ಟಿಗೆಯಲ್ಲಿರಿಸಿ ಬೀಗ ಹಾಕಬೇಕಾಗುತ್ತದೆಂದು ಹೋಗಿಬಂದವರು ಹೇಳಿದ್ದಾರೆ. ಇಷ್ಟಲಿಂಗವನ್ನು ಹಾಗೆ ಬಿಟ್ಟು ಆಡುವುದಾದರೆ ಆ ಪ್ರವಾಸವೇ ಬೇಡವೆಂದು ತಾಯಿಯವರು. ಒಂದು ದಿನದ ಮಟ್ಟಿಗೆ ಮಕ್ಕಳ ಸಂತೋಷ ಕೆಡಿಸುವುದೇಕೆಂದು ಮಗ. ಮನೆಯಲ್ಲಿ ಮಾತು ನಿಂತುಹೋಗುವಷ್ಟು ಈ ವಿಷಯ ಬೆಳೆದಿದೆಯೆಂದು ಅವರು ನೊಂದು ಬರೆದಿದ್ದಾರೆ.

ಈ ಉದ್ಯಾನವನ್ನು ಕುರಿತು ಎರಡು ಮಾತು. ಕೇರಳದ ಉದ್ಯಮಿ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಮೊದಲನೆಯದನ್ನು ತೆರೆದರು. ನಮ್ಮ ಬಿಡದಿಯ ಕಡೆಯದು 2005ರಲ್ಲಿ ಬಂದಿತು. ರಾತ್ರಿ ತಂಗುವವರಿಗಾಗಿ 2012ರಲ್ಲಿ ಅಲ್ಲಿಯೇ ರೆಸಾರ್ಟೂ ಆಯಿತು. ಸುಮಾರು 80 ಎಕರೆಯ ವಿಸ್ತಾರದಲ್ಲಿ ನೀರಿನ ಆಟಗಳೂ ಯಂತ್ರದ ಆಟಗಳೂ ಇವೆ. ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನು ಏರಿದವರಿಗೆ ಇದು ತೀರ ಹೊಸದೇನಲ್ಲ. ವ್ಯತ್ಯಾಸವಿರುವುದು ಹಣ ಕೊಡುವ ಬಗೆಯಲ್ಲಿ. ಜಾತ್ರೆಯಲ್ಲಿ ಬೇಕಾದ ಆಟಕ್ಕೆ ಮಾತ್ರ ಕಾಸು ಕೊಡುತ್ತಿದ್ದೆವು. ಇಲ್ಲಿ ಹೆಬ್ಬಾಗಿಲಲ್ಲಿಯೇ ಇಡೀ ದಿನದ ಹಣವನ್ನು ಕಟ್ಟಬೇಕು. ಆದುದರಿಂದ ಕೊಟ್ಟದ್ದು ವಸೂಲಾಗಬೇಕೆಂಬ ಹಟ ಹಿರಿಯರನ್ನೂ ಹಿಡಿಯುತ್ತದೆ. ರಕ್ತದೊತ್ತಡವುಳ್ಳವರು, ಹೃದ್ರೋಗಿಗಳು, ಗರ್ಭಿಣಿಯರು ಯಾವುದನ್ನು ಏರಬಾರದೆಂದು ಅಲ್ಲಿ ಫಲಕ ಹಾಕಿದ್ದರೂ ಅದನ್ನು ಓದದೆ ನುಗ್ಗುವವರು ಈ ಹಟದವರೇ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ದೀಕ್ಷೆ ಹೊಂದಿದವರು ಇಷ್ಟಲಿಂಗವನ್ನು ಅಂಗದಿಂದ ಅಗಲಿಸಿ ಬೀಗದ ಪೆಟ್ಟಿಗೆಯಲ್ಲಿಡುವುದು ಸಲ್ಲದು. ಈ ಮಾತಿನಲ್ಲಿ ತಾಯಿಯವರ ಪಕ್ಷವೇ ಸರಿ. ಪಾದರಕ್ಷೆ, ಕೈಚೀಲ, ಮೊಬೈಲುಗಳ ಸಾಲಿನಲ್ಲಿ ಲಿಂಗವನ್ನು ಸೇರಿಸಿ ಸಂಜೆಗೆ ಬಂದು ತೆಗೆದುಕೊಳ್ಳುತ್ತೇನೆಂದರೆ ಅದು ಒಡವೆಯಾಯಿತೇ ಹೊರತು ಲಿಂಗವಾಗಲಿಲ್ಲ. ಆದರೆ ಇದರಿಂದ ಪ್ರವಾಸವೇ ಬೇಡವೆಂಬ ತೀರ್ಮಾನ ಹೊರಡುವುದಿಲ್ಲ. ಧರಿಸಿರಬೇಕೆಂಬುದು ವಿಧಿ, ಕೊರಳಲ್ಲಿ ಜೋತಾಡುತ್ತಲೇ ಇರಬೇಕೆಂಬುದು ವಿಧಿಯಲ್ಲ. ಸಿದ್ಧಾಂತ ಶಿಖಾಮಣಿಯು ಮಸ್ತಕ, ಕಂಠ, ಕಕ್ಷ, ವಕ್ಷಸ್ಥಲ, ಕುಕ್ಷಿ, ಹಸ್ತ ಎಂಬ ಆರು ಸ್ಥಾನಗಳನ್ನು ಹೇಳಿ, ನಾಭಿಯಿಂದ ಕೆಳಗೆ ಕೂಡದೆನ್ನುತ್ತದೆ. ಇಷ್ಟು ಅವಕಾಶವನ್ನು ಶಾಸ್ತ್ರವೇ ಕೊಟ್ಟಿರುವಾಗ ನಾವು ಬೆಳ್ಳಿಯ ಕರಡಿಗೆಯನ್ನೂ ಉದ್ದದ ಶಿವದಾರವನ್ನೂ ಹಿಡಿದು ವಾದ ಮಾಡುವುದೇಕೆ?

ವೇಗವಾಗಿ ತಿರುಗುವ ಆಟದಲ್ಲಿ ಕೊರಳ ದಾರ ಎಲ್ಲಿಯಾದರೂ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಎದೆಯ ಮೇಲೆ ಬಿಗಿಯುವ ಕಬ್ಬಿಣದ ತೋಳಿನ ಕೆಳಗೆ ಗಟ್ಟಿಯಾದ ಕರಡಿಗೆ ಇದ್ದರೆ ಪಕ್ಕೆಲುಬಿಗೆ ನೋವು. ಆದುದರಿಂದ ಅಂದಿನ ಮಟ್ಟಿಗೆ ಕರಡಿಗೆಯನ್ನು ಮನೆಯ ಪೂಜಾಸ್ಥಾನದಲ್ಲಿರಿಸಿ, ಲಿಂಗವನ್ನು ಮೆತ್ತನೆಯ ವಸ್ತ್ರದಲ್ಲಿ ಸುತ್ತಿ, ಒಳ ಉಡುಪಿನ ಕೆಳಗೆ ಎದೆಗೆ ಅಡ್ಡಲಾಗಿ ಎರಡು ಗಂಟು ಹಾಕಿ ಕಟ್ಟಿಕೊಳ್ಳುವುದು ಮೇಲು. ಹಳ್ಳಿಯ ಹಿರಿಯರು ಉಳುಮೆಗೆ ಹೋಗುವಾಗ ಹೀಗೆಯೇ ಕಟ್ಟಿಕೊಳ್ಳುತ್ತಿದ್ದರು. ನೀರು ಸೋಕಿತೆಂದು ಅಂಜಬೇಕಿಲ್ಲ. ನಿತ್ಯ ಅಭಿಷೇಕ ಹೊಂದುವ ಲಿಂಗಕ್ಕೆ ನೀರು ಅನ್ಯವಲ್ಲ. ಮನೆಗೆ ಬಂದೊಡನೆ ಶುದ್ಧೋದಕದಿಂದ ತೊಳೆದು, ನೆನೆದ ವಸ್ತ್ರವನ್ನು ಬದಲಿಸಿ, ವಿಭೂತಿ ಧರಿಸಿ ಪೂಜಿಸಿದರೆ ಸಾಕು. ತಲೆಕೆಳಗಾಗಿಸುವ ಆಟದಲ್ಲಿ ಲಿಂಗವೂ ತಲೆಕೆಳಗಾಯಿತಲ್ಲಾ ಎಂದು ಕೇಳುವವರೂ ಇದ್ದಾರೆ! ಶೀರ್ಷಾಸನ ಹಾಕುವ ಶರಣರನ್ನು ಇವರು ಕಂಡಿಲ್ಲವೆಂದು ತೋರುತ್ತದೆ.

ಆದರೂ ಯಾವುದಾದರೊಂದು ಆಟದ ಬಳಿ ಅಲ್ಲಿನ ಸಿಬ್ಬಂದಿ ಇದೂ ಕೂಡದೆಂದರೆ ಜಗಳಕ್ಕೆ ನಿಲ್ಲದೆ ಆ ಆಟವನ್ನೇ ಬಿಡಬೇಕು. ಅವರು ನೋಡುವುದು ನಮ್ಮ ಮೈಯ ಕ್ಷೇಮವನ್ನು. ಇನ್ನೂ ದೀಕ್ಷೆಯಾಗದ ಮಕ್ಕಳಿಗೆ ಈ ತೊಡಕಿಲ್ಲ. ಅವರನ್ನು ಹಿರಿಯರ ಕಾರಣದಿಂದ ತಡೆಯುವುದು ನ್ಯಾಯವಲ್ಲ. ಇಷ್ಟೆಲ್ಲ ಎಚ್ಚರದ ನಡುವೆಯೂ ಲಿಂಗ ಕಳೆದುಹೋದರೆ ಮಕ್ಕಳನ್ನು ಹೆದರಿಸಬೇಡಿರಿ. ಲಿಂಗವಿಯೋಗವನ್ನು ಪ್ರಾಣವಿಯೋಗಕ್ಕೆ ಸಮವೆಂದು ಹಿಂದಿನವರು ಬಗೆದದ್ದು ನಿಜ. ಆ ಮಾತಿನಲ್ಲಿ ಪ್ರೀತಿಯ ಆಳವನ್ನು ಕಾಣಬೇಕೇ ಹೊರತು ಅದನ್ನು ಎಳೆಯರ ಮೇಲೆ ಬೀಸುವ ಬೆತ್ತವಾಗಿಸಬಾರದು. ಗುರುಗಳಲ್ಲಿಗೆ ಹೋಗಿ ಅರಿಕೆ ಮಾಡಿಕೊಂಡರೆ ಮುಂದಿನದನ್ನು ಅವರು ನಡೆಸಿಕೊಡುತ್ತಾರೆ.

ಹೆಣ್ಣುಮಕ್ಕಳ ಉಡುಪಿನ ವಿಷಯವನ್ನೂ ಮನೆಯಲ್ಲಿಯೇ ಮಾತನಾಡಿಕೊಂಡು ಹೊರಡುವುದೊಳ್ಳೆಯದು. ಸೀರೆಯುಟ್ಟು ಕೊಳಕ್ಕೆ ಇಳಿಯಲು ಬಿಡುವುದಿಲ್ಲ. ಹತ್ತಿಯ ಬಟ್ಟೆಯನ್ನೂ ಒಪ್ಪುವುದಿಲ್ಲ, ನೈಲಾನಿನಂತಹ ಬಟ್ಟೆಯೇ ಆಗಬೇಕು. ತೋಳು, ಕಾಲು ಮುಚ್ಚುವಂತಹ ಉಡುಪು ಈಗ ಅಂಗಡಿಗಳಲ್ಲಿ ದೊರೆಯುತ್ತದೆ. ಸೊಸೆಗೆ ಇಷ್ಟವಿಲ್ಲದಿದ್ದರೆ ಬಲವಂತ ಬೇಡ. ಇಷ್ಟವಿದ್ದರೆ ಅತ್ತೆಯವರು ಮುಖ ಗಂಟಿಕ್ಕುವುದೂ ಬೇಡ. ಊಟದ ಬುತ್ತಿಯನ್ನು ಒಳಗೆ ಬಿಡದಿರುವುದು ಇಂತಹ ಸ್ಥಳಗಳ ವಾಡಿಕೆ. ಸಸ್ಯಾಹಾರದ ಅಡುಗೆ ಪ್ರತ್ಯೇಕವೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿರಿ.

ದಿನ ಯಾವುದು? ಕೂಟಗಲ್ ಸೀಮೆಯ ಮನೆಗಳಲ್ಲಿ ಇದನ್ನು ನಿಶ್ಚಯಿಸುವುದು ಪಂಚಾಂಗವಲ್ಲ, ಹುಳು. ಕೊನೆಯ ಜ್ವರ ಎದ್ದ ಮೇಲಿನ ದಿನಗಳಲ್ಲಿ ಸೊಪ್ಪು ಎಷ್ಟು ಹಾಕಿದರೂ ಸಾಲದು. ಆಗ ಮನೆಮಂದಿಯೆಲ್ಲ ಬಾಗಿಲು ಹಾಕಿಕೊಂಡು ಹೊರಡುವ ಮಾತೇ ಇಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಯಲ್ಲಿ ಮಾರಿ, ಹುಳುಮನೆಯನ್ನು ತೊಳೆದು ಔಷಧಿ ಸಿಂಪಡಿಸಿದ ಮೇಲೆ, ಮುಂದಿನ ಚಾಕಿ ಹುಳು ಬರುವ ತನಕ ಸಿಕ್ಕುವ ಬಿಡುವೇ ನಿಮ್ಮದು. ಹಣವೂ ಆಗಲೇ ಕೈಯಲ್ಲಿರುತ್ತದೆ. ಮುಂದಿನ ಬೆಳೆಯ ಮೊಟ್ಟೆ ಗೊಬ್ಬರಗಳಿಗೆ ಬೇಕಾದುದನ್ನು ಮೊದಲು ತೆಗೆದಿಟ್ಟು ಉಳಿದುದರಲ್ಲಿ ಪ್ರವಾಸವೆಂದುಕೊಳ್ಳಿರಿ. ಸಾಲ ಮಾಡಿ ಆಡುವ ಆಟ ಗೂಡಿನ ಬೆಲೆ ಕುಸಿದಾಗ ಕಹಿಯಾಗುತ್ತದೆ. ಸೋಮವಾರವನ್ನೂ, ದಸರಾ ಬೇಸಿಗೆಗಳ ರಜೆಯ ನೂಕುನುಗ್ಗಲನ್ನೂ ತಪ್ಪಿಸಿದರೆ ಒಳಿತು.

ವೀರಾಪುರವನ್ನೂ ಅದೇ ದಿನ ನೋಡಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದಾರೆ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿದ ಮಾಗಡಿ ತಾಲ್ಲೂಕಿನ ಆ ಊರಿಗೆ ನಮ್ಮವರೆಲ್ಲ ಹೋಗಿಬರಬೇಕು. ಆದರೆ ಆಟದಿಂದ ದಣಿದ, ಒದ್ದೆ ತಲೆಯ ಮಕ್ಕಳನ್ನು ಎಳೆದುಕೊಂಡು ಕತ್ತಲಾಗುವ ಹೊತ್ತಿಗೆ ಹೋಗುವ ಸ್ಥಳ ಅದಲ್ಲ. ದಾರಿಯೂ ಬೇರೆಯದೇ ದಿಕ್ಕು. ಆಟಕ್ಕೊಂದು ದಿನ, ವೀರಾಪುರಕ್ಕೆ ಇನ್ನೊಂದು ದಿನವಿರಲಿ.

ಇನ್ನು ದಾರಿ. ಮಗನವರು ಬೈಕಿನಲ್ಲಿ ಹಿಂದೆ ಬರುವುದಾದರೆ ರಾಮನಗರದಿಂದ ಬಿಡದಿ ಊರೊಳಗಿನ ಹಳೆಯ ರಸ್ತೆಯನ್ನೇ ಹಿಡಿಯಬೇಕು. ಹೊಸ ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಉದ್ಯಾನದ ಬಾಗಿಲು ತೆರೆಯುವುದು ಬಿಸಿಲೇರಿದ ಮೇಲೆ. ಆದುದರಿಂದ ಬೆಳಗಿನ ಪೂಜೆಯನ್ನು ಅವಸರ ಮಾಡದೆ ಮುಗಿಸಿಕೊಂಡು, ಮನೆಯಲ್ಲಿಯೇ ಪ್ರಸಾದ ಸ್ವೀಕರಿಸಿ ಹೊರಟರೂ ಹೊತ್ತಾಗುವುದಿಲ್ಲ.