ಬಸ್ಸಿನೊಳಗಿನ ಗಾಳಿಯ ಬಗ್ಗೆ ಸಾರಿಗೆ ಸಚಿವರಿಗೊಂದು ಪತ್ರ

ಮಾನ್ಯ ಸಾರಿಗೆ ಸಚಿವರೇ,

2020ರಲ್ಲಿ ನಮ್ಮ ಬಸ್ ನಿಲ್ದಾಣಗಳ ತುಂಬ ಔಷಧಿಯ ವಾಸನೆ. ಸೀಟು, ಕಂಬಿ, ಮೆಟ್ಟಿಲು, ಸಿಕ್ಕಿದ್ದಕ್ಕೆಲ್ಲ ಸಿಂಪಡಿಸಿದರು. ಆಗ ತಿಳಿದಿದ್ದೇ ಅಷ್ಟು, ಯಾರನ್ನೂ ದೂರುವ ಹಾಗಿಲ್ಲ. ಆಮೇಲೆ ತಜ್ಞರು ತಿದ್ದಿ ಹೇಳಿದರು: ಕೋವಿಡ್ ಹೆಚ್ಚಾಗಿ ಹರಡಿದ್ದು ಉಸಿರಿನಿಂದ, ಕಂಬಿಯ ಪಾಲು ತೀರಾ ಕಡಿಮೆ. ಕ್ಷಯ, ದಡಾರಗಳ ದಾರಿಯೂ ಗಾಳಿಯೇ. ದಡಾರದ ವೈರಸ್ಸಂತೂ ರೋಗಿ ಎದ್ದು ಹೋದಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಈಗ ಸಿಂಪಡಣೆ ನಿಂತಿದೆ. ಗಾಳಿಯ ಮಾತು ಮಾತ್ರ ಶುರುವೇ ಆಗಲಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. 2020ರ ಜನವರಿ 19ರಂದು ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಎರಡು ಬಸ್ಸುಗಳು ಒಂದೇ ದೇವಸ್ಥಾನಕ್ಕೆ ಹೊರಟವು. ಒಂದರಲ್ಲಿ 60 ಜನ, ಇನ್ನೊಂದರಲ್ಲಿ 68. ಎರಡನೆಯದರಲ್ಲಿ ಒಬ್ಬರಿಗೆ ಕೋವಿಡ್ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಿಡುತ್ತಿತ್ತು. ಹೋಗಿ ಬರುವುದಕ್ಕೆ ಒಟ್ಟು 100 ನಿಮಿಷ. ಆ ಬಸ್ಸಿನಲ್ಲಿ ಇನ್ನೂ 23 ಜನರಿಗೆ ಸೋಂಕು ತಗುಲಿತು, ಅವರಲ್ಲಿ ನಾಲ್ಕಾರು ಸಾಲು ಆಚೆ ಕೂತವರೂ ಇದ್ದರು. ತೆರೆಯಬಹುದಾದ ಕಿಟಕಿಗಳ ಪಕ್ಕ ಕೂತವರಲ್ಲಿ, ರೋಗಿಯ ಮಗ್ಗುಲಿಗಿದ್ದ ಒಬ್ಬರನ್ನು ಬಿಟ್ಟರೆ, ಯಾರಿಗೂ ಏನೂ ಆಗಲಿಲ್ಲ. ಮೊದಲ ಬಸ್ಸಿನ 60 ಜನರೂ ಪಾರಾದರು.

ಅದು 100 ನಿಮಿಷದ ಕಥೆ. ಬೆಂಗಳೂರಿನಿಂದ ಕಲಬುರಗಿಗೆ ಹೋಗುವ ಎಸಿ ಸ್ಲೀಪರಿನಲ್ಲಿ ಜನ ಪರದೆ ಎಳೆದುಕೊಂಡು ಇಡೀ ರಾತ್ರಿ ಮಲಗಿರುತ್ತಾರೆ. ಕಿಟಕಿ ತೆರೆಯುವ ಮಾತೇ ಇಲ್ಲ. ಹೊರಗಿನ ಗಾಳಿ ಎಷ್ಟು ಒಳಗೆ ಬರುತ್ತದೆ ಎಂಬುದು ಎಸಿ ಯಂತ್ರದ ಒಂದು ಬಾಗಿಲಿನ ಮೇಲೆ ನಿಂತಿದೆ. ಅದನ್ನು ಮುಚ್ಚಿದರೆ ಬಸ್ಸು ಬೇಗ ತಣ್ಣಗಾಗುತ್ತದೆ, ಇಂಧನವೂ ಉಳಿಯುತ್ತದೆ. ಮುಚ್ಚಿಡುವ ಆಸೆ ಯಾರಿಗೆ ತಾನೇ ಆಗದು? ಹಾಗಾಗಿ ಇದನ್ನು ಚಾಲಕರ ಮರ್ಜಿಗೆ ಬಿಡದೆ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಿಗೆ ನೀವೇ ಆದೇಶ ಕೊಡಬೇಕು.

ಈ ವಿಷಯದಲ್ಲಿ ನಮ್ಮ ಕೆಂಪು ಬಸ್ಸೇ ವಾಸಿ. ಗಡಗಡ ಎನ್ನುವ ಕಿಟಕಿ ಇದೆ, ಓಡುವಾಗ ಗಾಳಿ ತಾನೇ ನುಗ್ಗುತ್ತದೆ. ತೊಂದರೆ ಮಳೆಗಾಲದ್ದು, ಅದೇ ಫ್ಲೂ ಏರುವ ಕಾಲವೂ ಹೌದು. ಹನಿ ಬಿದ್ದ ಕೂಡಲೇ ಗಾಜುಗಳೆಲ್ಲ ಮುಚ್ಚುತ್ತವೆ. ಕೆಲವಂತೂ ಒಮ್ಮೆ ಮುಚ್ಚಿದರೆ ಮತ್ತೆ ಜಗ್ಗುವುದಿಲ್ಲ. ಒಬ್ಬರು ಒಂದಿಷ್ಟು ಸರಿಸಿದರೆ ಹಿಂದಿನಿಂದ “ರೀ, ಎರಚಲು ಬರ್ತಿದೆ, ಹಾಕ್ರೀ” ಎಂದು ಕೂಗು. ಕೂಗುವವರದೂ ನ್ಯಾಯವೇ, ನೆನೆಯುವವರು ಅವರು. ಮಳೆ ನೀರು ಒಳಗೆ ಬೀಳದಂಥ ಗಾಳಿಕಿಂಡಿ ಚಾವಣಿಯಲ್ಲಿರಲಿ, ಜೂನ್‌ಗೆ ಮುಂಚೆ ಗಾಜುಗಳ ಜಾಡು ಸರಿಮಾಡಿಸಿ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ.

ಜನ ತುಂಬಿದಷ್ಟೂ ಬಸ್ಸಿನ ಗಾಳಿ ಕೆಡುತ್ತದೆ. ಆದರೆ ನೂಕುನುಗ್ಗಲಿನ ಮಾತು ಬಂದರೆ ಎಲ್ಲರೂ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆಯತ್ತ ಬೆರಳು ತೋರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳು ಬಸ್ಸು ಹತ್ತುತ್ತಿದ್ದಾರೆ ಎಂದರೆ ಬಸ್ಸು ಹೆಚ್ಚಿಸಬೇಕೇ ಹೊರತು ಅವರನ್ನು ಆಡಿಕೊಳ್ಳುವುದಲ್ಲ.

ಎಲ್ಲರಿಗಿಂತ ಹೆಚ್ಚು ಇನ್ನೊಬ್ಬರ ಉಸಿರನ್ನು ಕುಡಿಯುವವರು ನಿಮ್ಮ ಕಂಡಕ್ಟರುಗಳು. ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರ ಮುಖದ ಹತ್ತಿರ ಬಗ್ಗಿ ಟಿಕೆಟ್ ಕೊಡುವುದೇ ಅವರ ಕೆಲಸ. ಅವರಿಗೇ ಜ್ವರ ಬಂದರೆ? ಸಂಬಳ ಕಡಿತಕ್ಕೋ ಮೇಲಿನವರ ಗದರಿಕೆಗೋ ಹೆದರಿ ಡ್ಯೂಟಿಗೆ ಬರುವ ಪರಿಸ್ಥಿತಿ ಒಬ್ಬರಿಗೂ ಇರಬಾರದು. ಜ್ವರವಿದ್ದವರಿಗೆ ತಕರಾರಿಲ್ಲದೆ ರಜೆ, ಎರಡು ವಾರ ಮೀರಿದ ಕೆಮ್ಮಿಗೆ ಡಿಪೋದಲ್ಲೇ ಕಫ ಪರೀಕ್ಷೆ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತವಿರುವಾಗ ಇದು ದೊಡ್ಡ ಖರ್ಚಲ್ಲ.

ಪ್ರಯಾಣಿಕರದೂ ಜವಾಬ್ದಾರಿ ಇದೆ. ಜಪಾನಿನಲ್ಲಿ ನೆಗಡಿಯಾದವರು ಮಾಸ್ಕ್ ಹಾಕಿಕೊಂಡು ರೈಲು ಹತ್ತುವುದು ಕೋವಿಡ್‌ಗೂ ಮುಂಚಿನ ರೂಢಿ. ಇಲ್ಲಿ ದಂಡ ಹಾಕಿ ಅದನ್ನು ತರಲಾಗದು. ಕೆಮ್ಮುವವರು ಕೇಳಿದರೆ ಕಂಡಕ್ಟರರ ಬಳಿ ಒಂದು ಮಾಸ್ಕ್ ಸಿಗುವಂತೆ ಮಾಡಿ, ಸಾಕು.

ಕೊನೆಗೆ, ನಾಳೆಯೇ ಮಾಡಬಹುದಾದ ಒಂದು ಕೆಲಸ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರು ಕೆಲವೇ ಸಾವಿರ ರೂಪಾಯಿಗೆ ಬರುತ್ತದೆ. ಬಯಲಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420ರ ಆಸುಪಾಸು ತೋರಿಸುತ್ತದೆ. ಬಸ್ಸಿನೊಳಗೆ ಸಂಖ್ಯೆ ಏರಿದಷ್ಟೂ ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಸೇದುತ್ತಿದ್ದೇವೆ ಎಂದೇ ಅರ್ಥ. ಎಲ್ಲ ಬಗೆಯ ಬಸ್ಸಿನಲ್ಲೂ ಒಂದೊಂದು ಮೀಟರಿಟ್ಟು ಒಂದು ವಾರ ಓಡಿಸಿ, ಬಂದ ಅಂಕಿಗಳನ್ನು ನಿಲ್ದಾಣದ ಬೋರ್ಡಿಗೆ ಹಚ್ಚಿಸಿ. ಯಾವ ಬಸ್ಸಿಗೆ ಏನು ರಿಪೇರಿ ಬೇಕೆಂದು ಡಿಪೋದ ಮೆಕ್ಯಾನಿಕ್‌ಗಳೇ ನಿಮಗೆ ಹೇಳುತ್ತಾರೆ.


ಒಬ್ಬ ಬಸ್ ಪ್ರಯಾಣಿಕ