ರೋಡ್‌ಕಿಂಗ್‌ಗೆ 16 ಎಚ್‌ಪಿ ಸಾಕಾ?

1/8
ಫೋಟೊದಲ್ಲಿರೋದು ನಮ್ಮ ಅಜ್ಜನ ಯೆಜ್ಡಿ ರೋಡ್‌ಕಿಂಗ್. ಹಿಂದೆ ಕಾಣ್ತಿರೋ ನೀರು ಸವಳಂಗದ ಕೆರೆ. ಆರು ವರ್ಷ ಅಡಿಕೆ ಚೀಲಗಳ ಹಿಂದೆ ಧೂಳು ತಿಂದ್ಕೊಂಡು ನಿಂತಿದ್ದ ಗಾಡಿ ಇದು, ಈಗ ಓಡ್ತಾ ಐತೆ.

ಗಾಡಿ ಹೊರಗೆ ತಂದ ದಿನದಿಂದ ಸರ್ಕಲ್ಲಲ್ಲಿ, ಕಾಲೇಜ್ ಪಾರ್ಕಿಂಗಲ್ಲಿ, ಬಸ್ ಸ್ಟಾಪಲ್ಲಿ ಒಂದೇ ಮಾತು. "ಮಗಾ, ಸೌಂಡ್ ಸೂಪರ್, ಆದ್ರೆ ಪವರ್ ಎಲ್ಲಿ? ಪೋರ್ಟ್ ಕೊರೆಸು, ಬೋರ್ ದೊಡ್ಡದು ಮಾಡ್ಸು. ಇಲ್ಲಾ ಎಂಜಿನ್ನೇ ಎತ್ತಿ ಬೇರೆ ಕೂರಿಸು." ಅಡಿಕೆ ಸುಲಿಯೋ ಸೀಸನ್ನಲ್ಲಿ ದುಡಿದು ಕೂಡಿಟ್ಟಿದ್ದ ದುಡ್ಡೂ ಕೈಯಲ್ಲಿತ್ತು. ಎರಡು ತಿಂಗಳು ನಾನೂ ಇದೇ ತಲೆ ಕೆಡಿಸ್ಕೊಂಡಿದ್ದೆ.

ಈಗ ನಿರ್ಧಾರ ಆಗಿದೆ: ಮೂಲ ಎಂಜಿನ್ನೇ ಇರುತ್ತೆ, 16 ಎಚ್‌ಪಿ ಸಾಕು. ಯಾಕೆ ಅಂತ ಬರೀತಾ ಇದ್ದೀನಿ. ನಿಮ್ಮ ಮನೆ ಹಿತ್ತಲಲ್ಲೂ ಯಾವುದಾದ್ರೂ ಹಳೇ ಗಾಡಿ ನಿಂತಿದ್ರೆ ದುಡ್ಡು ಖರ್ಚು ಮಾಡೋ ಮುಂಚೆ ಪೂರ್ತಿ ಓದಿ.

2/8
ಮೊದಲು ಗಾಡಿ ಪರಿಚಯ. ಇದು ನಮ್ಮ ರಾಜ್ಯದ್ದೇ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಕಟ್ಟಿದ ಕಂಪನಿ. 1961ರಲ್ಲಿ ಅಲ್ಲಿ ಗಾಡಿ ತಯಾರಿಕೆ ಶುರುವಾಯ್ತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮಾಡ್ತಿದ್ರು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. ಆ ದಶಕದ ಕೊನೆಗೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

250 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ಕಿಕ್ ಹೊಡೆಯೋ ಕಡ್ಡಿನೇ ಗೇರ್ ಕಡ್ಡಿ. ಇದು ಗೊತ್ತಿಲ್ದೆ ನಮ್ಮ ಕ್ಲಾಸಿನ ಮೂರು ಜನ ಕಿಕ್ಕರ್ ಹುಡುಕಿ ಸುಸ್ತಾಗಿದ್ದಾರೆ, ಹೆಸರು ಹೇಳಲ್ಲ ಬಿಡಿ. ಹಳೇ ಜಾವಾ 250ರಲ್ಲಿ 12 ಎಚ್‌ಪಿ ಇತ್ತು, ರೋಡ್‌ಕಿಂಗಲ್ಲಿ 16. ತೂಕ ಸುಮಾರು 140 ಕೆಜಿ.

"ಈಗಿನ 150 ಸಿಸಿ ಗಾಡೀಲೂ ಅಷ್ಟು ಇರುತ್ತಲ್ಲೋ" ಅಂತೀರಾ. ಹೌದು, ಇರುತ್ತೆ. ಆದ್ರೆ ಎಚ್‌ಪಿ ಒಂದನ್ನೇ ನೋಡಿದ್ರೆ ಅರ್ಧ ಲೆಕ್ಕ ಆಯ್ತು. ಆ ಎಚ್‌ಪಿ ಎಷ್ಟು ತೂಕ ಎಳೀಬೇಕು ಅನ್ನೋದು ಇನ್ನರ್ಧ.

3/8
ಲೆಕ್ಕ ಮಾಡೋಣ ಬನ್ನಿ. ಸವಾರ 65 ಕೆಜಿ ಅಂತ ಇಟ್ಕೊಳ್ಳಿ.

ರೋಡ್‌ಕಿಂಗ್: 140 + 65 = 205 ಕೆಜಿ. ಇದನ್ನ 16ರಿಂದ ಭಾಗಿಸಿ. ಒಂದು ಎಚ್‌ಪಿ ಪಾಲಿಗೆ ಸುಮಾರು 13 ಕೆಜಿ.

ಆರ್‌ಎಕ್ಸ್ 100: 98 ಸಿಸಿ, 11 ಎಚ್‌ಪಿ, ಗಾಡಿ ತೂಕ ಸುಮಾರು 100 ಕೆಜಿ. ಒಂದು ಎಚ್‌ಪಿಗೆ 15 ಕೆಜಿ. ನೀವೆಲ್ಲಾ ರಾಕೆಟ್ ಅಂತ ಪೂಜೆ ಮಾಡೋ ಗಾಡಿ ಇದು!

ಮಾರುತಿ 800: 37 ಎಚ್‌ಪಿ, ತೂಕ ಸುಮಾರು 650 ಕೆಜಿ. ನಾಲ್ಕು ಜನ ಕೂತ್ರೆ ಒಂದು ಎಚ್‌ಪಿಗೆ 25 ಕೆಜಿ ಹತ್ತಿರ. ಇದೇ ಕಾರಲ್ಲಿ ಅರ್ಧ ಕರ್ನಾಟಕ ಘಟ್ಟ ಇಳಿದು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬಂದಿದೆ.

ಸ್ಪೋರ್ಟ್ಸ್ ಕಾರುಗಳ ಕತೆನೂ ಇದೇ. ಇಂಗ್ಲೆಂಡಿನ ಆಸ್ಟಿನ್ ಹೀಲಿ ಸ್ಪ್ರೈಟ್ 1958ರಲ್ಲಿ ಬಂದಾಗ ಎಂಜಿನ್ ಬರೀ 948 ಸಿಸಿ, 43 ಎಚ್‌ಪಿ. ಕಾರಿನ ತೂಕ 700 ಕೆಜಿಗಿಂತ ಕಮ್ಮಿ. ನಮ್ಮ ದೇಶದಲ್ಲೇ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ, ಟಾಪ್ ಬಿಚ್ಚೋ ಕಾರ್ ಮಾಡಿದ್ರು. ಅದಕ್ಕೆ ಹಾಕಿದ್ದು ರೆನೋದ 1,149 ಸಿಸಿ ಎಂಜಿನ್, 60 ಎಚ್‌ಪಿ. ಇಂಥ ಹಳೇ ಸ್ಪೋರ್ಟ್ಸ್ ಕಾರ್ ಇಟ್ಕೊಂಡೋರೂ "ಸಣ್ಣ ಎಂಜಿನ್ ಸಾಕಾ, ದೊಡ್ಡದು ಹಾಕ್ಲಾ" ಅಂತ ಒದ್ದಾಡ್ತಾರೆ. ಆದ್ರೆ ಕಾರ್ ಮಾಡಿದೋರು ಬ್ರೇಕು, ಟೈರು, ಚಾಸಿ ಎಲ್ಲಾನೂ ಆ ಸಣ್ಣ ಎಂಜಿನ್ನಿಗೆ ಹೊಂದಿಸಿಯೇ ಮಾಡಿರ್ತಾರೆ. ಎಂಜಿನ್ ಒಂದನ್ನೇ ಬದಲಾಯಿಸಿದ್ರೆ ಉಳಿದಿದ್ದೆಲ್ಲಾ ಹಿಂದೆ ಬೀಳುತ್ತೆ.

4/8
ಈಗ ಮುಖ್ಯ ಪ್ರಶ್ನೆ. ಸಾಕು ಅಂದ್ರೆ ಯಾತಕ್ಕೆ ಸಾಕು?

ನಾನು ಓಡ್ಸೋದು ಎಲ್ಲಿ? ಸವಳಂಗದಿಂದ ಶಿವಮೊಗ್ಗ, ನ್ಯಾಮತಿ, ಹೊನ್ನಾಳಿ, ಆಗಾಗ ಶಿಕಾರಿಪುರ. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿ. ಅಷ್ಟೇ ನನ್ನ ಪ್ರಪಂಚ.

ಸಮತಟ್ಟಾದ ರೋಡಲ್ಲಿ ಒಂದು ಬೈಕು 80ರಲ್ಲಿ ಒಂದೇ ಸಮನೆ ಹೋಗೋಕೆ ಬೇಕಾಗೋದು ಸುಮಾರು 6-7 ಎಚ್‌ಪಿ ಮಾತ್ರ. ಉಳಿದದ್ದು ಏರು ಹತ್ತೋಕೆ, ಓವರ್‌ಟೇಕ್ ಮಾಡೋಕೆ. ವೇಗ ಹೆಚ್ಚಾದಂಗೆ ಗಾಳಿ ತಡೆಯುತ್ತೆ, ಆ ಗಾಳಿ ಸೀಳೋಕೆ ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತೆ. 100ರಿಂದ 120ಕ್ಕೆ ಹೋಗೋಕೆ ವೇಗ ಜಾಸ್ತಿಯಾಗೋದು ಶೇ 20, ಗಾಳಿಗೆ ಕೊಡಬೇಕಾದ ಪವರ್ ಮಾತ್ರ ಶೇ 73 ಜಾಸ್ತಿ. ಅಂದ್ರೆ ಸಾವಿರಾರು ರೂಪಾಯಿ ಸುರಿದು ನೀವು ಕೊಂಡ್ಕೊಳ್ಳೋದು ಕೊನೆಯ 20 ಕಿಲೋಮೀಟರ್ ವೇಗ. ನಮ್ಮ ರೋಡಲ್ಲಿ ಅದನ್ನ ಎಲ್ಲಿ ಖರ್ಚು ಮಾಡ್ತೀರಾ?

ಇನ್ನೊಂದು ಲೆಕ್ಕ. 25 ಕಿಲೋಮೀಟರ್ ದಾರೀನ ಸರಾಸರಿ 60ರಲ್ಲಿ ಹೋದ್ರೆ 25 ನಿಮಿಷ. 75ರಲ್ಲಿ ಹೋದ್ರೆ 20 ನಿಮಿಷ. ಉಳಿಯೋದು ಐದು ನಿಮಿಷ. ಆ ಐದು ನಿಮಿಷದಲ್ಲಿ ನಾವು ಏನ್ ಕಡಿದು ಕಟ್ಟೆ ಹಾಕ್ತೀವಿ ಅಂತ ನಮಗೆಲ್ಲಾ ಗೊತ್ತು. ಕ್ಯಾಂಟೀನಲ್ಲಿ ಇನ್ನೊಂದು ಟೀ.

5/8
ಇದನ್ನ ಬರೆಯೋಕೆ ಸ್ವಲ್ಪ ನಾಚಿಕೆ, ಆದ್ರೂ ಬರೀತೀನಿ.

ಹೋದ ವರ್ಷ ಮೆಕ್ಕೆಜೋಳದ ಕಟಾವು ಮುಗಿದ ಟೈಮು. ಗೆಳೆಯ ಒಬ್ಬ ತನ್ನ ಹಳೇ ಗಾಡಿಗೆ ಪೋರ್ಟಿಂಗ್ ಮಾಡ್ಸಿದ್ದ, "ಒಂದು ರೌಂಡ್ ಹೊಡಿ ಗುರು" ಅಂದ. ನ್ಯಾಮತಿ ರೋಡಲ್ಲಿ ಹೊಡೆದೆ. ನಿಜ ಹೇಳ್ತೀನಿ, ಎಳೆತ ಮಜಾ ಇತ್ತು. ತಿರುವು ದಾಟಿದ ಮೇಲೆ ನೋಡಿದ್ರೆ ಅರ್ಧ ರೋಡಿಗೆ ಜೋಳ ಒಣ ಹಾಕಿದ್ದಾರೆ, ಇನ್ನರ್ಧದಲ್ಲಿ ಟ್ರ್ಯಾಕ್ಟರ್ ಬರ್ತಾ ಐತೆ. ಬ್ರೇಕ್ ಹಿಡಿದೆ. ಗಾಡಿ ನಿಲ್ಲೋ ಮನಸ್ಸೇ ಮಾಡ್ಲಿಲ್ಲ. ಎಂಜಿನ್ ಹೊಸ ಶಕ್ತಿದು, ಬ್ರೇಕ್ ಮಾತ್ರ ಅದೇ ಹಳೇ ಡ್ರಮ್ಮು. ಜೋಳದ ಮೇಲೆ ಜಾರಿ ಚರಂಡಿಗೆ ಬಿದ್ದೆ. ಎಡಗಡೆ ಕಾಲರ್ ಬೋನ್ ಮುರೀತು, ಆರು ವಾರ ಕೈ ಕಟ್ಕೊಂಡು ಓಡಾಡಿದೆ. ಹೆಲ್ಮೆಟ್ ಇತ್ತು, ಅದಕ್ಕೇ ಇವತ್ತು ಇದನ್ನ ಬರೀತಾ ಇದ್ದೀನಿ.

ಆಸ್ಪತ್ರೆಯಲ್ಲಿ ಅಜ್ಜಿ ಬೈಯಲೇ ಇಲ್ಲ. "ನಿಮ್ಮಜ್ಜ ಇದೇ ರೋಡಲ್ಲಿ ನನ್ನ ಕೂರಿಸ್ಕೊಂಡು ಎಷ್ಟು ವರ್ಷ ಓಡಾಡ್ಯಾನೆ, ಒಂದಿನ ಬೀಳಿಸಿಲ್ಲ" ಅಂದ್ಲು. ಅದು ಬೈಗುಳಕ್ಕಿಂತ ಜಾಸ್ತಿ ತಾಗ್ತು.

6/8
ಆಮೇಲೆ ಕೂತು ಬ್ರೇಕಿನ ಲೆಕ್ಕ ಮಾಡಿದೆ. ಡ್ರಮ್ ಬ್ರೇಕ್ ಒಳ್ಳೇ ಸ್ಥಿತಿಯಲ್ಲಿದೆ, ರೋಡ್ ಒಣಗಿದೆ, ನೋಡಿದ ಒಂದು ಸೆಕೆಂಡಿಗೆ ಬ್ರೇಕ್ ಹಿಡಿದ್ರಿ ಅಂತ ಇಟ್ಕೊಳ್ಳಿ.

60ರಲ್ಲಿದ್ರೆ ಗಾಡಿ ನಿಲ್ಲೋಕೆ ಸುಮಾರು 45 ಮೀಟರ್ ಬೇಕು.
80ರಲ್ಲಿದ್ರೆ ಸುಮಾರು 72 ಮೀಟರ್.

ಈಗ 50 ಮೀಟರ್ ಮುಂದೆ ಟೇಲ್ ಲೈಟ್ ಇಲ್ಲದ ಟ್ರಾಲಿ ನಿಂತಿದೆ ಅನ್ಕೊಳ್ಳಿ. 60ರಲ್ಲಿ ಬಂದವನು ಟ್ರಾಲಿ ಮುಟ್ಟೋ ಮುಂಚೆ ನಿಂತು ಬೈದು ಹೋಗ್ತಾನೆ. 80ರಲ್ಲಿ ಬಂದವನು ಅದೇ ಜಾಗಕ್ಕೆ ಬಂದಾಗ ಇನ್ನೂ 50ಕ್ಕಿಂತ ಜಾಸ್ತಿ ವೇಗದಲ್ಲಿ ಇರ್ತಾನೆ. ಮೊದಲಿದ್ದ ವ್ಯತ್ಯಾಸ ಬರೀ 20 ಕಿಲೋಮೀಟರ್!

ಇದಕ್ಕೆ ಹಳೇ ಉದಾಹರಣೆ ರಾಜದೂತ್ 350. 1983ರಲ್ಲಿ ನಮ್ಮ ದೇಶಕ್ಕೆ ಬಂತು, 30 ಎಚ್‌ಪಿ. ಅದರ ಜಪಾನಿನ ಮೂಲ ಯಮಹಾಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿ ಡ್ರಮ್ ಹಾಕಿ ಮಾರಿದ್ರು. ಹಳಬರನ್ನ ಕೇಳಿ, ಆ ಗಾಡಿ ಎಳೆತದ ಬಗ್ಗೆ ಒಂದು ಕತೆ ಹೇಳಿದ್ರೆ ಬಿದ್ದಿದ್ದರ ಬಗ್ಗೆ ಎರಡು ಹೇಳ್ತಾರೆ.

ಕಾನೂನೂ ಐತೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂಗೆ ಗಾಡಿ ಬದಲಾಯಿಸಂಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಆಗ ಎಂಜಿನ್ ನಂಬರ್ ನೋಡ್ತಾರೆ. ಅಪಘಾತ ಆದ್ರೆ ವಿಮೆಯವರೂ ತಕರಾರು ತೆಗೀಬಹುದು. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ, ಅದಕ್ಕೂ ಗಾಡಿ ಮೂಲ ರೂಪದಲ್ಲೇ ಇರಬೇಕು. ಇವತ್ತು ಬೋರ್ ಕೊರೆಸಿದವನು ನಾಳೆ ಆ ಅವಕಾಶಾನೂ ಕೊರೆದು ಹಾಕಿದಂಗೆ.

7/8
"ಸರಿ ಕಣೋ, ಆದ್ರೆ ನಿನ್ನ ಗಾಡಿ ಡಬಲ್ಸಲ್ಲಿ ಏರು ಹತ್ತುತ್ತಾ ಇರಲಿಲ್ವಲ್ಲ?" ನಿಜ. ಶೆಡ್ಡಿಂದ ಹೊರಗೆ ತಂದಾಗ ಅದರಲ್ಲಿ 16 ಎಚ್‌ಪಿ ಇರಲೇ ಇಲ್ಲ, ಅರ್ಧ ಇತ್ತೋ ಏನೋ. ಎಂಜಿನ್ ಸಣ್ಣದಾಗಿರಲಿಲ್ಲ, ಕಾಯಿಲೆ ಬಿದ್ದಿತ್ತು. ನಮ್ಮಲ್ಲಿ ಸುಮಾರು ಜನ ಈ ಎರಡಕ್ಕೂ ವ್ಯತ್ಯಾಸ ನೋಡೋದೇ ಇಲ್ಲ.

ಹಳೇ ಟೂ ಸ್ಟ್ರೋಕ್ ಸೋತಿದೆ ಅನ್ಸಿದ್ರೆ ಮೊದಲು ಇವನ್ನ ನೋಡಿ.

ಸೈಲೆನ್ಸರ್: ಆಯಿಲ್ ಸುಟ್ಟು ಒಳಗೆ ಕಾರ್ಬನ್ ಗಟ್ಟಿ ಆಗಿರುತ್ತೆ. ಹೊಗೆ ಹೊರಗೆ ಹೋಗದೆ ಹೊಸ ಪೆಟ್ರೋಲ್ ಒಳಗೆ ಬರಲ್ಲ. ಎಕ್ಸಾಸ್ಟ್ ಪೋರ್ಟ್ ಜತೆಗೇ ಕ್ಲೀನ್ ಮಾಡ್ಸಿ.

ಕ್ರ್ಯಾಂಕ್ ಸೀಲ್: ವರ್ಷಗಟ್ಟಲೆ ನಿಂತ ಗಾಡೀಲಿ ರಬ್ಬರ್ ಒಣಗಿ ಸೀಳಿರುತ್ತೆ. ಒಂದು ಕಡೆ ಗಾಳಿ ಎಳೆಯುತ್ತೆ. ಕ್ಲಚ್ ಕಡೆ ಸೀಲ್ ಹೋದ್ರೆ ಅಲ್ಲಿನ ಆಯಿಲ್ ಎಳ್ಕೊಂಡು ಊರೆಲ್ಲಾ ಹೊಗೆ.

ಪಿಸ್ಟನ್ ರಿಂಗು: ಕಂಪ್ರೆಷನ್ ಚೆಕ್ ಮಾಡ್ಸಿ. ಕಿಕ್ ಮೆತ್ತಗಿದ್ರೆ ಅನುಮಾನ ಪಡಿ.

ಪಾಯಿಂಟು, ಟೈಮಿಂಗು, ಪ್ಲಗ್ಗು: ಕಿಡಿ ಸರಿಯಾದ ಹೊತ್ತಿಗೆ ಬೀಳದೆ ಇದ್ರೆ ಎಷ್ಟು ಸಿಸಿ ಇದ್ರೂ ದಂಡ.

ಪೆಟ್ರೋಲ್: ಈಗ ಬರೋದ್ರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತೆ. ಅದು ನೀರು ಹೀರುತ್ತೆ, ಹಳೇ ರಬ್ಬರ್ ಕೆಡಿಸುತ್ತೆ. ಟ್ಯಾಂಕಲ್ಲಿ ತಿಂಗಳುಗಟ್ಟಲೆ ಬಿಡಬೇಡಿ.

ಎಂಜಿನ್ನಿಗಿಂತ ಮುಂಚೆ ಬ್ರೇಕು: ಶೂ, ಕೇಬಲ್, ಡ್ರಮ್, ಟೈರ್. ನಾನು ಇದನ್ನ ಕೊನೆಗೆ ಬರೆದಿದ್ದೀನಿ, ಆದ್ರೆ ದುಡ್ಡು ಮೊದಲು ಇಲ್ಲಿಗೇ ಹಾಕಿದೆ.

ಶಿವಮೊಗ್ಗದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಸೀಲು, ರಿಂಗು, ಪಾಯಿಂಟ್ ಹಾಕಿಸಿದೆ. ಬೋರ್ ಕೆಲಸಕ್ಕೆ ಅಂತ ಇಟ್ಟಿದ್ದ ದುಡ್ಡಲ್ಲಿ ಇಷ್ಟೂ ಮುಗಿದು ಎರಡು ಹೊಸ ಟೈರೂ ಬಂದ್ವು. ಈಗ ಅಜ್ಜಿನ ಹಿಂದೆ ಕೂರಿಸ್ಕೊಂಡು ಏರಲ್ಲಿ ಮೂರನೇ ಗೇರಲ್ಲಿ ಆರಾಮಾಗಿ ಹತ್ತುತ್ತೆ.

8/8
ನನ್ನ ವಾದದಲ್ಲಿ ಒಂದು ತೂತು ಐತೆ, ಮುಚ್ಚಿಡಲ್ಲ. ದಾವಣಗೆರೆ ಹತ್ರ ಎನ್‌ಎಚ್ 48ಕ್ಕೆ ಹತ್ತಿ ಬೆಂಗಳೂರಿಗೆ ಹೋಗ್ತೀನಿ, ದಿನಾ 100ರಲ್ಲೇ ಹೋಗ್ತೀನಿ ಅಂದ್ರೆ ರೋಡ್‌ಕಿಂಗ್ ಸಾಲಲ್ಲ. ಹಿಂದೆ ಲಾರಿ ಹಾರ್ನ್ ಹೊಡೀತಿದ್ರೆ 16 ಎಚ್‌ಪಿ ಕಮ್ಮಿನೇ. ಆದ್ರೆ ಅದಕ್ಕೆ ಅಜ್ಜನ ಗಾಡಿ ಹೊಟ್ಟೆ ಬಗೆಯೋದಲ್ಲ ದಾರಿ. ಆ ಕೆಲಸಕ್ಕೆ ಅಂತಲೇ ಮಾಡಿದ ಗಾಡಿ ತಗೊಳ್ಳಿ. 2022ರಲ್ಲಿ ಯೆಜ್ಡಿ ಹೆಸರಲ್ಲೇ 334 ಸಿಸಿ ಗಾಡಿಗಳು ಬಂದ್ವು, ಡಿಸ್ಕ್ ಬ್ರೇಕ್, ಎಬಿಎಸ್ ಸಮೇತ. ಪವರ್ ಜಾಸ್ತಿ ಮಾಡಿದೋರು ಬ್ರೇಕೂ ಜಾಸ್ತಿ ಮಾಡಿದ್ದಾರೆ ನೋಡಿ.

ಪವರ್ ಬೇಡ ಅಂತ ನಾನು ಹೇಳ್ತಿಲ್ಲ. ನಂಗೂ ಇಷ್ಟ, ಆ ಎಳೆತ ಇನ್ನೂ ನೆನಪಿದೆ. ಎಡ ಭುಜಕ್ಕೂ ನೆನಪಿದೆ, ಮಳೆಗಾಲದಲ್ಲಿ ಜಾಸ್ತಿ.

ನಿಮ್ಮ ಹಳೇ ಗಾಡಿ ಎಂಜಿನ್ ಸಾಕಾ ಅಂತ ಡೌಟ್ ಇದ್ರೆ ಮೊದಲು ಅದನ್ನ ಕಂಪನಿ ಮಾಡಿದಂಗೆ ಪೂರ್ತಿ ಸರಿ ಮಾಡ್ಸಿ. ಬ್ರೇಕ್ ಹೊಸದಾಗ್ಲಿ. ಆಮೇಲೆ ಒಂದು ತಿಂಗಳು ನಿಮ್ಮ ದಿನದ ರೋಡಲ್ಲಿ ಓಡ್ಸಿ. ಅಷ್ಟಾದ ಮೇಲೂ ಸಾಲ್ದು ಅನ್ಸಿದ್ರೆ ಬನ್ನಿ, ಕೆರೆ ಏರಿ ಮೇಲೆ ಕೂತು ಮಾತಾಡೋಣ. ಟೀ ನಂದು.

ಈ ಭಾನುವಾರ ಬೆಳಗ್ಗೆ ನಾನು, ಅಜ್ಜಿ ಹೊನ್ನಾಳಿಗೆ ಹೋಗ್ತಾ ಇದ್ದೀವಿ. ಐವತ್ತರಲ್ಲಿ. ಹಿಂದಿಂದ ಬಂದ್ರೆ ಹಾರ್ನ್ ಹೊಡೀಬೇಡಿ, ಕೈ ಬೀಸಿ ಮುಂದೆ ಹೋಗಿ.

#ಸವಳಂಗ #ಯೆಜ್ಡಿ #ರೋಡ್‌ಕಿಂಗ್ #ಅಜ್ಜನಗಾಡಿ #ಹೆಲ್ಮೆಟ್‌ಹಾಕ್ರಪ್ಪ